ಪ್ರಕೃತಿ ವಿಕೋಪ ದೇವರ ಶಿಕ್ಷೆಯೇ? ಕ್ರೈಸ್ತರು ಏನನ್ನುತ್ತಾರೆ?

ಬೈಬಲಿನಲ್ಲಿ ಕೆಲವು ವಿಕೋಪಗಳು ಶಿಕ್ಷೆಯಾಗಿಯೇ ಬಂದಿವೆ. ಹಾಗೆಂದು ಇವತ್ತಿನ ಯಾವುದೋ ಭೂಕಂಪ ತೋರಿಸಿ "ಇದು ಅವರ ಪಾಪಕ್ಕೆ" ಅನ್ನಲು ಯೇಸು ಅವಕಾಶ ಕೊಟ್ಟಿಲ್ಲ.

ನೋಹನ ಕಾಲದ ಜಲಪ್ರಳಯ, ಸೊದೋಮ್ ಪಟ್ಟಣದ ಮೇಲೆ ಸುರಿದ ಬೆಂಕಿ ಇವನ್ನು ಬೈಬಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆ ದೇವರ ನ್ಯಾಯತೀರ್ಪೆಂದೇ ಹೇಳುತ್ತದೆ. ಆದರೆ ಅಲ್ಲಿ ಕಾರಣ ತಿಳಿಸಿದವನು ದೇವರು, ದೂರ ನಿಂತು ನೋಡಿದವರಲ್ಲ. ಲೂಕನ ಸುವಾರ್ತೆಯ 13ನೇ ಅಧ್ಯಾಯ ತೆರೆಯಿರಿ. ಸಿಲೊವಾಮಿನಲ್ಲಿ ಬುರುಜು ಬಿದ್ದು 18 ಮಂದಿ ಸತ್ತಿದ್ದರು. ಅವರು ಯೆರೂಸಲೇಮಿನ ಉಳಿದವರಿಗಿಂತ ದೊಡ್ಡ ಪಾಪಿಗಳೇ ಎಂದು ಯೇಸು ತಾನೇ ಕೇಳಿ, ಅಲ್ಲ ಎನ್ನುತ್ತಾನೆ. ಅಷ್ಟಕ್ಕೇ ಬಿಡುವುದಿಲ್ಲ, ನೀವು ಮನಸ್ಸು ತಿರುಗಿಸದಿದ್ದರೆ ನಿಮಗೂ ನಾಶವೇ ಎಂದು ಎದುರಿಗಿದ್ದವರಿಗೇ ಹೇಳುತ್ತಾನೆ. (ಈ ಎರಡನೇ ಅರ್ಧವನ್ನು ನುಂಗಿಬಿಡುವ ಬೋಧಕರೂ ಇದ್ದಾರೆ.)

1755ರ ನವೆಂಬರ್ 1, ಸಕಲ ಸಂತರ ಹಬ್ಬ. ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನಿನ ಜನ ಬೆಳಗಿನ ಪೂಜೆಗೆ ಚರ್ಚುಗಳಲ್ಲಿ ತುಂಬಿದ್ದಾಗಲೇ ನೆಲ ನಡುಗಿತು. ಹಬ್ಬಕ್ಕೆ ಹಚ್ಚಿದ್ದ ಮೇಣದಬತ್ತಿಗಳು ಉರುಳಿ ಬೆಂಕಿ ಹತ್ತಿತು. ನದಿಯ ದಡಕ್ಕೆ ಓಡಿದವರನ್ನು ಸುನಾಮಿ ಎಳೆದೊಯ್ದಿತು. ಮರುವರ್ಷ ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂಘದ ಪಾದ್ರಿ ಮಲಗ್ರಿಡ ಕಿರುಪುಸ್ತಕ ಬರೆದು, ಇದಕ್ಕೆಲ್ಲ ಜನರ ಪಾಪವೇ ಕಾರಣ ಎಂದ. ಮೊಣಕಾಲೂರಿ ಪ್ರಾರ್ಥಿಸುತ್ತಿದ್ದವರ ಮೇಲೆ ಚಾವಣಿ ಬಿದ್ದಿತ್ತು. ಅವರಿಗೆ ಹೇಳುವ ಮಾತೇ ಇದು?

ಹಾಗಾದರೆ ವಿಕೋಪವೇಕೆ? ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿ ಯೇಸುವಿನ ಅಪೊಸ್ತಲ ಪೌಲನು, ಇಡೀ ಸೃಷ್ಟಿಯೇ ಪ್ರಸವವೇದನೆಯಲ್ಲಿ ನರಳುತ್ತಿದೆ ಎನ್ನುತ್ತಾನೆ. ಪಾಪದಿಂದ ಲೋಕವೇ ಹದಗೆಟ್ಟಿದೆ, ಆದರೆ ಪೆಟ್ಟು ಅವರವರ ಪಾಪದ ಲೆಕ್ಕ ನೋಡಿ ಬೀಳುವುದಿಲ್ಲ ಎಂದು ಅನೇಕ ಕ್ರೈಸ್ತರು ಇದನ್ನು ಅರ್ಥಮಾಡಿಕೊಳ್ಳುತ್ತಾರೆ.