ಅರ್ಥಶಾಸ್ತ್ರ ಓದಿದರೆ ಅಧ್ಯಾಪನ ಬಿಟ್ಟು ಬೇರೆ ಕೆಲಸ ಸಿಗುತ್ತದೆಯೇ?

ಖಂಡಿತ ಸಿಗುತ್ತದೆ, ಆದರೆ ಬಿ.ಎ.ಗೇ ನಿಲ್ಲಿಸಬೇಡಿ. ಯುಪಿಎಸ್‌ಸಿ ನಡೆಸುವ ಭಾರತೀಯ ಆರ್ಥಿಕ ಸೇವೆಯ ಪರೀಕ್ಷೆಗೆ ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿ ಬೇಕೇ ಬೇಕು. ಆಯ್ಕೆಯಾದವರು ಕೇಂದ್ರದ ಸಚಿವಾಲಯಗಳಲ್ಲಿ ನೀತಿ, ಯೋಜನೆಗಳ ವಿಶ್ಲೇಷಣೆ ಮಾಡುತ್ತಾರೆ. ರಿಸರ್ವ್ ಬ್ಯಾಂಕಿನ ಸಂಶೋಧನಾ ವಿಭಾಗಕ್ಕೂ ಇಂಥ ಸ್ನಾತಕೋತ್ತರ ಪದವೀಧರರೇ ಬೇಕು. ಬ್ಯಾಂಕು, ಸಲಹಾ ಸಂಸ್ಥೆ, ದತ್ತಾಂಶ ವಿಶ್ಲೇಷಣೆಯ ಕೆಲಸಗಳಂತೂ ಇದ್ದೇ ಇವೆ.

ನಮ್ಮ ವಿದ್ಯಾರ್ಥಿಗಳು ಎಡವುವುದು ಗಣಿತದಲ್ಲಿ. ಪಿಯುಸಿಯಲ್ಲೇ ಅದನ್ನು ಬಿಟ್ಟವರಿಗೆ ಎಂ.ಎ.ಯ ಎಕನಾಮೆಟ್ರಿಕ್ಸ್ (ಆರ್ಥಿಕ ದತ್ತಾಂಶವನ್ನು ಸಂಖ್ಯಾಶಾಸ್ತ್ರದ ಮೂಲಕ ವಿಶ್ಲೇಷಿಸುವ ವಿಷಯ) ಕಬ್ಬಿಣದ ಕಡಲೆಯಾಗುತ್ತದೆ, ಎಷ್ಟೋ ಚುರುಕಾದವರು ಅಲ್ಲಿಯೇ ಕೈಚೆಲ್ಲುತ್ತಾರೆ. ಕಲನಶಾಸ್ತ್ರ, ಸಂಖ್ಯಾಶಾಸ್ತ್ರ ಎರಡನ್ನೂ ಪದವಿಯ ಮೊದಲ ವರ್ಷದಿಂದಲೇ ಅಭ್ಯಾಸ ಮಾಡಿ. ದತ್ತಾಂಶ ವಿಶ್ಲೇಷಣೆಗೆ ಬಳಸುವ ಕಂಪ್ಯೂಟರ್ ಭಾಷೆಗಳಾದ ಆರ್ (R) ಅಥವಾ ಪೈಥಾನ್ ಒಂದನ್ನಾದರೂ ಕಲಿಯಿರಿ. ಓದಲು ದೆಹಲಿಗೇ ಹೋಗಬೇಕೆಂದಿಲ್ಲ: ಬೆಂಗಳೂರಿನಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ವಿಶ್ವವಿದ್ಯಾಲಯವಿದೆ. ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಅಲ್ಲಿಯೇ ಕಟ್ಟಿದ ಸಂಶೋಧನಾ ಸಂಸ್ಥೆ ಐಸೆಕ್‌ನಲ್ಲಿ (ಇನ್‌ಸ್ಟಿಟ್ಯೂಟ್ ಫಾರ್ ಸೋಷಿಯಲ್ ಅಂಡ್ ಎಕನಾಮಿಕ್ ಚೇಂಜ್) ಪಿಎಚ್.ಡಿ. ಮಾಡಬಹುದು.