ಹರ್-2 3+ ಬಂದರೆ ಪಪ್ಪಾಯಿ ಬಿಡಬೇಕಾ?

ಅಂಕೋಲಾದ ನಿಮ್ಮ ಅತ್ತೆಯ ಸ್ತನದ ಗಡ್ಡೆಯ ರಿಪೋರ್ಟಿನಲ್ಲಿ ಹರ್-2 3+ ಬಂದಿದೆ, ಅದು ಎಂಜೈಮ್ ಅಂತೆ, ಹಾಗಾದರೆ ಪಪ್ಪಾಯಿ ಬಿಡಬೇಕಾ, ಬೇಗ ಹರಡುತ್ತಾ ಅಂತ ಕೇಳಿದ್ದೀರಿ. ನಾನು ಶಿರಸಿಯಲ್ಲಿ ಪೆಥಾಲಜಿ ಲ್ಯಾಬ್ ಟೆಕ್ನಿಷಿಯನ್, ಡಾಕ್ಟರ್ ಅಲ್ಲ. ಗೊತ್ತಿರುವಷ್ಟು ಹೇಳುತ್ತೇನೆ.

ಪಪ್ಪಾಯಿ ಧಾರಾಳ ತಿನ್ನಲಿ. ಹಣ್ಣಿನ ಎಂಜೈಮಿಗೂ ಇದಕ್ಕೂ ಸಂಬಂಧವೇ ಇಲ್ಲ.

ಹರ್-2 ಇರುವುದು ಕೋಶದ ಹೊರಪೊರೆಯಲ್ಲಿ. ಕೈನೇಸ್ ಜಾತಿಯ ಎಂಜೈಮ್ ಇದು. ಪ್ರೋಟೀನಿಗೆ ಒಂದು ಫಾಸ್ಫೇಟ್ ಅಂಟಿಸುವುದು ಇದರ ಕೆಲಸ. ಅಂಟಿದ ಕೂಡಲೇ ಒಂದು ಇನ್ನೊಂದನ್ನು ಎಬ್ಬಿಸುತ್ತಾ ಹೋಗುತ್ತದೆ. ಪಿಐ3ಕೆ, ಎಕೆಟಿ, ಎಂಟಾರ್ ಅನ್ನುವ ಪ್ರೋಟೀನುಗಳ ಮೂಲಕ ಸಾಲಾಗಿ ಸುದ್ದಿ ಒಳಗೆ ತಲುಪುತ್ತದೆ: ಬೆಳೆ, ಎರಡಾಗು, ಸಾಯಬೇಡ. ನಮ್ಮೆಲ್ಲರ ಮೈಯಲ್ಲೂ ಇದು ನಡೆಯುತ್ತಲೇ ಇರುತ್ತದೆ. ಆದರೆ 3+ ಗಡ್ಡೆಯಲ್ಲಿ ಸಾಮಾನ್ಯವಾಗಿ ಹರ್-2 ಜೀನಿನ ಪ್ರತಿಗಳೇ ಜಾಸ್ತಿ. ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರ್ ಅಂಟಿಕೊಂಡು ಆಫೇ ಆಗದಿದ್ದರೆ ಹೇಗೋ ಹಾಗೆ.

ಹರ್-2ಗೆ ಬಣ್ಣ ಹತ್ತಿಸಿ ನೋಡಿದರೆ ಮೈಕ್ರೋಸ್ಕೋಪಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಒಂದೊಂದು ಕೋಶದ ಸುತ್ತಲೂ ದಪ್ಪ ಕಂದು ಗೆರೆ. 10% ಗಿಂತ ಹೆಚ್ಚು ಕೋಶಗಳಲ್ಲಿ ಆ ಗೆರೆ ದಪ್ಪಗೆ, ಪೂರ್ತಿ ಸುತ್ತು ಬಂದಿದ್ದರೆ 3+. ಗೆರೆ ಮಸುಕಾಗಿದ್ದು 2+ ಬಂದರೆ ಫಿಶ್ ಅನ್ನುವ ಜೀನ್ ಟೆಸ್ಟ್ ಬೇಕಾಗುತ್ತದೆ. ನಿಮಗೆ ಅದರ ಖರ್ಚು ಉಳಿಯಿತು.

ಇನ್ನು ಹರಡುವುದು. ಬರೀ ಬೆಳೆದ ಮಾತ್ರಕ್ಕೆ ಹರಡುವುದಿಲ್ಲ. ಕೋಶ ಪಕ್ಕದವರ ಹಿಡಿತ ಬಿಡಿಸಿಕೊಂಡು ತೆವಳಬೇಕು. ಅದಕ್ಕೆ ಸರ್ಕ್, ಫ್ಯಾಕ್ ಅನ್ನುವ ಬೇರೆ ಕೈನೇಸ್‌ಗಳು ನೆರವಾಗುತ್ತವೆ. ಎಂಎಂಪಿ ಅನ್ನುವ ಎಂಜೈಮುಗಳು ಸುತ್ತಲಿನ ಕೊಲಾಜೆನ್ ಕತ್ತರಿಸಿ ದಾರಿ ಮಾಡುತ್ತವೆ. ಮೊದಲು ಸಾಮಾನ್ಯವಾಗಿ ಕಂಕುಳಿನ ಗಂಟು (ಲಿಂಫ್ ನೋಡ್), ಆಮೇಲೆ ಮೂಳೆ, ಶ್ವಾಸಕೋಶ, ಲಿವರ್, ಮಿದುಳು. ಹಾಗಾದ್ರೆ ಎಂಎಂಪಿಯನ್ನೇ ತಡೆದರೆ ಆಯ್ತಲ್ವಾ? 1990ರ ದಶಕದಲ್ಲಿ ಮಾರಿಮಾಸ್ಟಾಟ್ ಅಂತ ಒಂದು ಮಾತ್ರೆ ಪ್ರಯತ್ನಿಸಿದರು. ರೋಗಿಗಳಿಗೆ ಕೀಲುನೋವು ಬಂತು, ಕ್ಯಾನ್ಸರ್ ನಿಲ್ಲಲಿಲ್ಲ. 'ಎಂಜೈಮ್ ತಡೆಯುತ್ತೇವೆ' ಅಂತ ಪುಡಿ ಮಾರುವವರನ್ನು ನಾನು ನಂಬದಿರುವುದು ಅದಕ್ಕೇ.

ಹರ್-2 ಕಥೆ ಬೇರೆ. ಒಂದು ಕಾಲದಲ್ಲಿ 3+ ಅಂದರೆ ಕೆಟ್ಟ ಸುದ್ದಿಯೇ, ಗಡ್ಡೆ ಬೇಗ ಬೆಳೆಯುತ್ತಿತ್ತು, ಬೇಗ ಹರಡುತ್ತಿತ್ತು. 1998ರಲ್ಲಿ ಅಮೆರಿಕದಲ್ಲಿ ಟ್ರಾಸ್ಟುಝುಮಾಬ್ ಅನ್ನುವ ಔಷಧಕ್ಕೆ ಒಪ್ಪಿಗೆ ಸಿಕ್ಕಿತು. ಇದು ನೇರವಾಗಿ ಹರ್-2ಗೇ ಹೋಗಿ ಅಂಟಿಕೊಳ್ಳುತ್ತದೆ. 3+ ಇದ್ದವರಿಗೆ, ಇಲ್ಲವೇ 2+ ಬಂದು ಫಿಶ್‌ನಲ್ಲಿ ಪಾಸಿಟಿವ್ ಆದವರಿಗೆ ಇದನ್ನು ಕೊಡುವುದು. 2014ರಿಂದ ಭಾರತದಲ್ಲೇ ತಯಾರಾದದ್ದೂ ಸಿಗುತ್ತಿದೆ, ಬೆಲೆಯೂ ಕಡಿಮೆ. ಅತ್ತೆಗೆ ಇದನ್ನು ಕೊಡುತ್ತಾರಾ ಅಂತ ಡಾಕ್ಟರನ್ನು ಕೇಳಿ.

ಈ ಔಷಧ ಕೆಲವರ ಹೃದಯವನ್ನು ದುರ್ಬಲ ಮಾಡುತ್ತದೆ. ಹಾಗಾಗಿ ಶುರು ಮಾಡುವ ಮುಂಚೆ ಎಕೋ (ಹೃದಯದ ಸ್ಕ್ಯಾನ್), ಆಮೇಲೆ ಸುಮಾರು 3 ತಿಂಗಳಿಗೊಮ್ಮೆ. ಡ್ರಿಪ್ ಸಾಮಾನ್ಯವಾಗಿ 3 ವಾರಕ್ಕೊಮ್ಮೆ ಇರುತ್ತದೆ. ಹುಬ್ಬಳ್ಳಿಗೆ ತೋರಿಸುತ್ತಿದ್ದೀರಿ ಅಂದಿರಲ್ಲ, ಎರಡೂ ಒಂದೇ ದಿನಕ್ಕೆ ಬರೆಸಿಕೊಳ್ಳಿ. ಸುಮ್ನೆ ಇನ್ನೊಂದು ಸಲ ಅರಬೈಲ್ ಘಾಟಿ ಹತ್ತುವುದು ತಪ್ಪುತ್ತದೆ.