ಸ್ಥಾಯಿ ಎಣಿಕೆ ಬಿಡಿ, ದನಿ ಕೇಳಿಸಿ

ಪ್ರಿಯ ಬರಹಗಾರರೇ,

'ಸಾರ್ವಕಾಲಿಕ ಶ್ರೇಷ್ಠ ರಾಕ್ ಗಾಯಕ: ಚರ್ಚೆ ಮುಗಿಯಿತು' ಎಂಬ ನಿಮ್ಮ ಲೇಖನ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಹಾಗೆಂದು ಪಕ್ಕಕ್ಕಿಟ್ಟು ಮರೆಯುವ ಬರಹವೂ ಇದಲ್ಲ. ಅಮೆರಿಕದ ಗಾಯಕಿ ಜಾನಿಸ್ ಜಾಪ್ಲಿನ್ ಬಗ್ಗೆ ನೀವು ಬರೆದ ಒಂದು ಪ್ಯಾರಾ ಬಹಳ ಚೆನ್ನಾಗಿದೆ, ಅದರ ಮಾತು ಆಮೇಲೆ. ಮೊದಲು ಕಷ್ಟದ ಮಾತುಗಳನ್ನು ಆಡಿಬಿಡುತ್ತೇವೆ.

ನಿಮ್ಮ ವಾದ ಇಷ್ಟು: ಕ್ವೀನ್ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿಯೇ ಶ್ರೇಷ್ಠ. ಕಾರಣ, ಅವರ ದನಿ ನಾಲ್ಕು ಸ್ಥಾಯಿ (ಆಕ್ಟೇವ್) ಸಂಚರಿಸುತ್ತಿತ್ತು, ಪತ್ರಿಕೆಗಳ ಪಟ್ಟಿಗಳಲ್ಲಿ ಅವರ ಹೆಸರಿದೆ, 1985ರ ಲೈವ್ ಏಡ್ ಸಹಾಯಾರ್ಥ ಸಂಗೀತ ಕಾರ್ಯಕ್ರಮದಲ್ಲಿ ಇಡೀ ಕ್ರೀಡಾಂಗಣ ಅವರ ಕೈಯಲ್ಲಿತ್ತು. ಉಳಿದ ಇಪ್ಪತ್ತಕ್ಕೂ ಹೆಚ್ಚು ಗಾಯಕರಿಗೆ ತಲಾ ಎರಡು ಸಾಲು ಕೊಟ್ಟು ಕೆಳಗಿಳಿಸಿದ್ದೀರಿ. ತೀರ್ಮಾನದ ಬಗ್ಗೆ ನಮ್ಮ ತಕರಾರಿಲ್ಲ. ಅಲ್ಲಿಗೆ ತಲುಪುವ ದಾರಿಯಲ್ಲಿ ಓದುಗರಿಗೆ ಒಂದೇ ಒಂದು ದನಿಯೂ ಕೇಳಿಸುವುದಿಲ್ಲ ಎಂಬುದೇ ತಕರಾರು.

ನಾಲ್ಕು ಸ್ಥಾಯಿಯ ಮಾತನ್ನೇ ನೋಡೋಣ. 2016ರಲ್ಲಿ ಧ್ವನಿವಿಜ್ಞಾನಿ ಕ್ರಿಸ್ಟಿಯನ್ ಹರ್ಬ್ಸ್ಟ್ ಮತ್ತು ಅವರ ಸಂಗಡಿಗರು ಫ್ರೆಡ್ಡಿಯ ಧ್ವನಿಮುದ್ರಣಗಳನ್ನು ಅಳೆದು ಅಧ್ಯಯನವೊಂದನ್ನು ಪ್ರಕಟಿಸಿದರು. ಅವರಿಗೆ ಸಿಕ್ಕ ಹರವು ಸುಮಾರು 92 ಹರ್ಟ್ಜ್‌ನಿಂದ (ಹರ್ಟ್ಜ್ ಎಂದರೆ ಸೆಕೆಂಡಿಗೆ ಒಂದು ಕಂಪನ) 784 ಹರ್ಟ್ಜ್‌ವರೆಗೆ, ಅಂದರೆ 37 ಸ್ವರಸ್ಥಾನಗಳ ಅಂತರ. ಸ್ಥಾಯಿಗೆ ಹನ್ನೆರಡರಂತೆ ಲೆಕ್ಕ ಹಾಕಿದರೆ ಮೂರು ಸ್ಥಾಯಿ, ಮೇಲೊಂದು ಸ್ವರ. ನಾಲ್ಕಕ್ಕೆ ಪುರಾವೆ ಸಿಗಲಿಲ್ಲ. ಆದರೆ ಅದೇ ಅಧ್ಯಯನದಲ್ಲಿ ನಿಮ್ಮ ವಾದಕ್ಕೆ ಇದಕ್ಕಿಂತ ದೊಡ್ಡ ಬಲ ಸಿಗುತ್ತಿತ್ತು. ಸಂದರ್ಶನಗಳಲ್ಲಿ ಅವರು ಮಾತಾಡುವ ದನಿ 117 ಹರ್ಟ್ಜ್ ಸುತ್ತ ಇದೆ, ಅದು ಬ್ಯಾರಿಟೋನ್, ಅಂದರೆ ಮಧ್ಯಮ ಎತ್ತರದ ಗಂಡುದನಿ. ಹಾಡುವಾಗ ಮಾತ್ರ ಅವರು ಅದಕ್ಕಿಂತ ಮೇಲಿನ ಗಂಡುದನಿಯ, ಅಂದರೆ ಟೆನರ್‌ಗಳ, ಎತ್ತರದಲ್ಲೇ ಓಡಾಡುತ್ತಾರೆ. ಅವರ ತಾರಸ್ವರಗಳಲ್ಲಿ ತೆಳುವಲ್ಲದ ಒಂದು ದಪ್ಪ ಕೇಳುವುದು ಈ ಕಾರಣಕ್ಕೂ ಇರಬಹುದು. ಹಿಡಿದ ಸ್ವರದ ಅಲುಗಾಟ, ಅಂದರೆ ವೈಬ್ರಾಟೊ, ಸೆಕೆಂಡಿಗೆ ಸುಮಾರು ಏಳು ಬಾರಿ. ಸಾಮಾನ್ಯ ಗಾಯಕರಿಗಿಂತ ಇದು ಚುರುಕು. ಅವರ ಶೈಲಿಯನ್ನು ಅನುಕರಿಸಿದ ಗಾಯಕರೊಬ್ಬರ ಗಂಟಲನ್ನು ಹೈಸ್ಪೀಡ್ ಕ್ಯಾಮೆರಾದಲ್ಲಿ ನೋಡಿದಾಗ, ಧ್ವನಿತಂತುಗಳ ಜೊತೆಗೆ ಅವುಗಳ ಮೇಲಿನ ಮಡಿಕೆಗಳೂ ಕಂಪಿಸುತ್ತಿದ್ದುದು ಕಂಡಿತು. ಫ್ರೆಡ್ಡಿ ಒತ್ತಿ ಹಾಡುವಾಗ ಕೇಳುವ ಆ ಗರಗರ ಹುಟ್ಟುವುದು ಹೀಗೆ ಎಂಬುದು ಅಧ್ಯಯನಕಾರರ ವಿವರಣೆ. ಇದನ್ನು ಬರೆದಿದ್ದರೆ ಓದುಗರು ಹಾಡು ಹಾಕಿಕೊಂಡು ಪರೀಕ್ಷಿಸುತ್ತಿದ್ದರು. 'ನಾಲ್ಕು ಸ್ಥಾಯಿ' ಎಂದರೆ ನಂಬಬೇಕು ಅಥವಾ ಬಿಡಬೇಕು, ಅಷ್ಟೇ.

ಇನ್ನೊಂದು ತೊಂದರೆ ಇದೆ. ಸ್ಥಾಯಿಯೇ ಅಳತೆಗೋಲು ಎಂದು ನೀವು ಒಪ್ಪಿಕೊಂಡ ಕ್ಷಣ ಫ್ರೆಡ್ಡಿ ಸೋಲುತ್ತಾರೆ. ಗಾಯಕರನ್ನು ದನಿಯ ಹರವಿನಿಂದ ಅಳೆದು 2014ರಲ್ಲಿ ಎಲ್ಲೆಡೆ ಹರಿದಾಡಿದ ಪಟ್ಟಿಯೊಂದರಲ್ಲಿ ರಾಕ್ ಗಾಯಕ ಆಕ್ಸಲ್ ರೋಸ್ ಮೊದಲಿದ್ದರು, ಅದರ ಬೆನ್ನಿಗೇ ಇನ್ನೊಬ್ಬ ರಾಕ್ ಗಾಯಕ ಮೈಕ್ ಪ್ಯಾಟನ್ ರೋಸ್ ಅವರನ್ನು ಹಿಂದಿಕ್ಕಿದರು. ಇಂಥ ಪಟ್ಟಿಗಳು ಯಾವುದೋ ಹಾಡಿನ ತಳದಲ್ಲಿ ಅರೆಕ್ಷಣ ಗೊಗ್ಗರಿಸಿದ್ದನ್ನೂ ತುದಿಯಲ್ಲಿ ಚೀರಿದ್ದನ್ನೂ ಸ್ವರವೆಂದೇ ಎಣಿಸುತ್ತವೆ. ಗಾಯಕ ಆ ಎತ್ತರದಲ್ಲಿ ಒಂದು ಪೂರ್ತಿ ಸಾಲನ್ನು ಪದ ಕೆಡದಂತೆ ಹಾಡಬಲ್ಲರೇ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ.

ಕ್ವೀನ್ ತಂಡದ 'ಬೊಹೀಮಿಯನ್ ರಾಪ್ಸೊಡಿ' ಹಾಡಿನ ಅತ್ಯಂತ ಎತ್ತರದ ಸ್ವರವನ್ನು ಫ್ರೆಡ್ಡಿಯ ಸಾಧನೆಯೆಂದು ಬರೆದಿದ್ದೀರಿ. ಹಾಡಿನ ನಡುವಿನ ಆಪೆರಾ ಶೈಲಿಯ ಭಾಗದ ಆ ತುತ್ತತುದಿಯ ಸ್ವರ ತಂಡದ ಡ್ರಮ್ಮರ್ ರೋಜರ್ ಟೇಲರ್ ಅವರದು. 1975ರಲ್ಲಿ 24 ಟ್ರ್ಯಾಕ್ ಟೇಪಿನ ಮೇಲೆ ಫ್ರೆಡ್ಡಿ, ಗಿಟಾರ್ ವಾದಕ ಬ್ರಯಾನ್ ಮೇ, ಟೇಲರ್ ಮೂವರ ದನಿಗಳನ್ನು ಪದರ ಪದರವಾಗಿ ಪೇರಿಸಿ ಆ ಭಾಗ ಕಟ್ಟಿದರು. ವೇದಿಕೆಯಲ್ಲಿ ಅದನ್ನು ಹಾಡಲು ಆಗುತ್ತಿರಲಿಲ್ಲ, ಟೇಪನ್ನೇ ಕೇಳಿಸುತ್ತಿದ್ದರು. ಲೇಖನದಲ್ಲಿ ಬಿಡಲೇಬಾರದ ತಪ್ಪು ಇದು. ವಿಷಯ ಬಲ್ಲ ಓದುಗರು ಇಲ್ಲಿಗೇ ನಿಮ್ಮ ಮೇಲಿನ ನಂಬಿಕೆ ಕಳೆದುಕೊಳ್ಳುತ್ತಾರೆ.

ಜೂಡಾಸ್ ಪ್ರೀಸ್ಟ್ ತಂಡದ 1979ರ 'ಅನ್‌ಲೀಶ್ಡ್ ಇನ್ ದಿ ಈಸ್ಟ್' ಆಲ್ಬಮ್ಮನ್ನು ರಾಬ್ ಹಾಲ್‌ಫೋರ್ಡ್ ವೇದಿಕೆಯ ಮೇಲೆ ಹೀಗೆ ಹಾಡುತ್ತಿದ್ದರು ಎಂಬುದಕ್ಕೆ ಸಾಕ್ಷಿಯಾಗಿ ಕೊಟ್ಟಿದ್ದೀರಿ. ಅದರ ಗಾಯನವನ್ನು ಆಮೇಲೆ ಸ್ಟುಡಿಯೋದಲ್ಲಿ ಮತ್ತೆ ಹಾಡಿ ಸೇರಿಸಲಾಗಿದೆ. ಲೈವ್ ಆಲ್ಬಮ್ ಎಂದಾಕ್ಷಣ ಲೈವ್ ಗಾಯನ ಎಂದುಕೊಳ್ಳಬೇಡಿ. ವೇದಿಕೆಯ ದನಿಯ ಬಗ್ಗೆ ಬರೆಯಬೇಕಿದ್ದರೆ ತಿದ್ದುಪಡಿ ಇಲ್ಲದ ನೇರಪ್ರಸಾರದ ಚಿತ್ರಿಕೆಯನ್ನೇ ಆಧಾರವಾಗಿಟ್ಟುಕೊಳ್ಳಿ.

ಪತ್ರಿಕೆಗಳ ಪಟ್ಟಿಯ ಎರಡು ಪುಟಗಳನ್ನು ಪೂರ್ತಿ ತೆಗೆಯಿರಿ. ರೋಲಿಂಗ್ ಸ್ಟೋನ್ ಪತ್ರಿಕೆಯ 2008ರ ಪಟ್ಟಿಯಲ್ಲೂ 2023ರ ಪಟ್ಟಿಯಲ್ಲೂ ಮೊದಲ ಹೆಸರು ಅರೀತಾ ಫ್ರಾಂಕ್ಲಿನ್. ಎರಡನೆಯ ಸ್ಥಾನ ಮೊದಲು ರೇ ಚಾರ್ಲ್ಸ್ ಅವರದು, ನಂತರ ವಿಟ್ನಿ ಹ್ಯೂಸ್ಟನ್ ಅವರದು. ಅವು ಎಲ್ಲ ಬಗೆಯ ಗಾಯಕರ ಪಟ್ಟಿಗಳು, ರಾಕ್ ಗಾಯಕರದಲ್ಲ. ನಿಮ್ಮ ಪ್ರಶ್ನೆಗೆ ಅವು ಉತ್ತರ ಕೊಡುವುದೇ ಇಲ್ಲ.

ಲೈವ್ ಏಡ್ ಪ್ಯಾರಾದಲ್ಲಿ 72,000 ಜನ ಇದ್ದಾರೆ, ಕೈಗಳಿವೆ, ಬಿಸಿಲಿದೆ, ಫ್ರೆಡ್ಡಿಯ ದನಿ ಮಾತ್ರ ಇಲ್ಲ. 1985ರ ಜುಲೈ 13ರ ಆ ಸುಮಾರು 20 ನಿಮಿಷಗಳಲ್ಲಿ ಅವರು ಏನನ್ನು ಹಾಡಿದರು, ಏನನ್ನು ಬಿಟ್ಟರು ನೋಡಿ. ರಾಪ್ಸೊಡಿಯ ಮೊದಲ ಭಾಗ ಮಾತ್ರ ಹಾಡಿ, ಆಪೆರಾ ಶುರುವಾಗುವ ಮೊದಲೇ ಮುಂದಿನ ಹಾಡಿಗೆ ಜಿಗಿದರು. ಮಧ್ಯದಲ್ಲಿ ವಾದ್ಯಗಳಿಲ್ಲದೆ ಜನರೊಂದಿಗೆ ಮಾಡಿದ ಸವಾಲ್-ಜವಾಬ್‌ನಲ್ಲಿ ಒಂದೊಂದು ಸುತ್ತಿಗೂ ಸ್ವರಗುಚ್ಛ ಹೇಗೆ ಬದಲಾಗುತ್ತದೆ, ನೀಳ ಸ್ವರದ ಕೊನೆಯಲ್ಲಿ ಏನಾಗುತ್ತದೆ, ಜನ ಎಲ್ಲಿಯವರೆಗೆ ಹಿಂಬಾಲಿಸಬಲ್ಲರು ಎಂದು ಅವರು ಹೇಗೆ ಅಂದಾಜು ಮಾಡುತ್ತಾರೆ: ಬರೆಯಬೇಕಾದದ್ದು ಇದನ್ನು.

ಭಾಷೆಯ ಬಗ್ಗೆ ಒಂದೇ ಮಾತು. ಪ್ಲಾಂಟ್, ಡಿಯೊ, ಕಾರ್ನೆಲ್ ಮೂವರಿಗೂ 'ಕಂಚಿನ ಕಂಠ' ಎಂದಿದ್ದೀರಿ. ಮೂವರ ದನಿ ಒಂದಕ್ಕೊಂದು ಹೋಲುವುದಿಲ್ಲ. ರಾಬರ್ಟ್ ಪ್ಲಾಂಟ್ ಅವರದು ಚೂಪಾದ ಎತ್ತರದ ದನಿ, ಬ್ಲೂಸ್‌ನಿಂದ ಬಂದ ಜಾರು ಅದರಲ್ಲಿದೆ, ಒಂದು ಸ್ವರದಿಂದ ಇನ್ನೊಂದಕ್ಕೆ ನೇರ ಹೋಗುವುದು ಅಪರೂಪ. ರಾನಿ ಜೇಮ್ಸ್ ಡಿಯೊ ಸ್ವರವನ್ನು ಮೊದಲೇಟಿಗೇ ನಡುವಿಗೆ ಹೊಡೆದು ಅಲ್ಲೇ ನಿಲ್ಲಿಸುತ್ತಾರೆ. ಬಾಲ್ಯದಲ್ಲಿ ಟ್ರಂಪೆಟ್ ನುಡಿಸಿ ಕಲಿತ ಉಸಿರಾಟವೇ ತಮ್ಮ ಗಾಯನದ ಬುನಾದಿ ಎಂದು ಅವರೇ ಹೇಳಿದ್ದಾರೆ. ಕ್ರಿಸ್ ಕಾರ್ನೆಲ್ ಕೆಳಗಿನ ಭಾರವನ್ನು ಇಳಿಸದೆಯೇ ಮೇಲೇರುತ್ತಾರೆ, ಹಾಗಾಗಿ ಎತ್ತರದಲ್ಲಿ ದನಿ ಹರಿದಂತೆ ಕೇಳುತ್ತದೆ. ಇಷ್ಟನ್ನು ಹೇಳಿದರೆ ಹೊಗಳಿಕೆಯ ಪದವೇ ಬೇಕಾಗುವುದಿಲ್ಲ.

ಈಗ ಜಾಪ್ಲಿನ್ ಪ್ಯಾರಾ. 1970ರ ಅಕ್ಟೋಬರ್ 1ರಂದು, ಸಾವಿಗೆ ಮೂರು ದಿನ ಮೊದಲು, ಯಾವ ವಾದ್ಯವೂ ಇಲ್ಲದೆ ಒಂದೇ ಸಲಕ್ಕೆ ಹಾಡಿದ 'ಮರ್ಸಿಡಿಸ್ ಬೆಂಜ್' ಬಗ್ಗೆ ನೀವು ಬರೆದಿದ್ದೀರಿ. ಕಾಲಿನ ತಾಳ, ಸಾಲಿನ ಕೊನೆಯಲ್ಲಿ ದನಿ ಒರಟಾಗುವ ಜಾಗ, ಮುಗಿದ ಮೇಲಿನ ನಗು, ಎಲ್ಲವೂ ಅಲ್ಲಿದೆ. ಒಂದು ವಿಶೇಷಣವನ್ನೂ ಬಳಸಿಲ್ಲ. ಇಡೀ ಲೇಖನವನ್ನು ಇದೇ ಕಿವಿಯಿಂದ ಬರೆಯಿರಿ.

ಅದಕ್ಕೆ ಪ್ರಶ್ನೆಯನ್ನು ಚಿಕ್ಕದು ಮಾಡಬೇಕು. ನಮ್ಮ ಸಲಹೆ: ದನಿ ತನ್ನ ಮಿತಿಯನ್ನು ಮುಟ್ಟಿದಾಗ ಗಾಯಕ ಏನು ಮಾಡುತ್ತಾರೆ ಎಂಬ ಒಂದೇ ಅಳತೆಗೋಲು ಇಟ್ಟುಕೊಳ್ಳಿ. ರಾಕ್ ಗಾಯನದ ಜೀವ ಇರುವುದು ಅಲ್ಲಿ. ಇಪ್ಪತ್ತು ಹೆಸರು ಬೇಡ, ನಾಲ್ಕು ಧ್ವನಿಮುದ್ರಣ ಸಾಕು. ಜಾಪ್ಲಿನ್ ಅವರದು ಒಂದು. ಎರಡನೆಯದು ಜಾನ್ ಲೆನನ್ ಹಾಡಿದ 'ಟ್ವಿಸ್ಟ್ ಅಂಡ್ ಶೌಟ್'. 1963ರ ಫೆಬ್ರವರಿ 11ರಂದು ಬೀಟಲ್ಸ್ ಒಂದೇ ದಿನದಲ್ಲಿ ಹತ್ತು ಹಾಡು ಮುದ್ರಿಸಿದರು, ಶೀತ ಹಿಡಿದ ಗಂಟಲಲ್ಲಿ ಲೆನನ್ ಇದನ್ನು ಕೊನೆಗೆ ಹಾಡಿದರು. ಎರಡನೇ ಟೇಕ್‌ಗೆ ದನಿಯೇ ಉಳಿದಿರಲಿಲ್ಲ, ಆಲ್ಬಮ್ಮಿನಲ್ಲಿರುವುದು ಮೊದಲನೆಯದು. ಮೂರನೆಯದು ರೋಲಿಂಗ್ ಸ್ಟೋನ್ಸ್ ತಂಡದ 1969ರ 'ಗಿಮ್ಮಿ ಶೆಲ್ಟರ್'ನಲ್ಲಿ ಗಾಯಕಿ ಮೆರ್ರಿ ಕ್ಲೇಟನ್. ಮೂರನೇ ನಿಮಿಷದ ಆಸುಪಾಸು ಅವರ ದನಿ ಎರಡು ಬಾರಿ ಒಡೆಯುತ್ತದೆ, ಎರಡನೆಯ ಸಲ ಹಿಂದಿನಿಂದ ತಂಡದ ಮುಖ್ಯ ಗಾಯಕ ಮಿಕ್ ಜಾಗರ್ ಕೂಗಿದ್ದೂ ಸಣ್ಣಗೆ ಕೇಳುತ್ತದೆ. ನಾಲ್ಕನೆಯದು ನಿಮ್ಮ ಫ್ರೆಡ್ಡಿಯದೇ, 'ದಿ ಶೋ ಮಸ್ಟ್ ಗೋ ಆನ್'. ತೀವ್ರ ಕಾಯಿಲೆಯಲ್ಲಿದ್ದಾಗ ಹಾಡಿದ್ದು, 1991ರಲ್ಲಿ ಬಂದದ್ದು. ಅಲ್ಲಿ ದನಿ ಒಡೆಯುವುದಿಲ್ಲ. ಕ್ಲೇಟನ್ ಒಡೆದಾಗ ಹಾಡು ಮೇಲೇರುತ್ತದೆ, ಫ್ರೆಡ್ಡಿ ಒಡೆಯದೆ ನಿಂತಾಗಲೂ ಏರುತ್ತದೆ. ಇವೆರಡರಲ್ಲಿ ಯಾವುದು ದೊಡ್ಡದು, ಯಾಕೆ? ನಿಮ್ಮ ಲೇಖನ ವಾದಿಸಬೇಕಾದದ್ದು ಇದನ್ನು.

ಕೇಳುವ ಕ್ರಮವೂ ಮುಖ್ಯ. ಹೆಡ್‌ಫೋನ್ ಹಾಕಿ. ನಾಲ್ಕೂ ಹಾಡುಗಳ ಸದ್ದನ್ನು ಕಿವಿಯಂದಾಜಿನಲ್ಲಿ ಸಮ ಮಾಡಿಕೊಳ್ಳಿ, ಏಕೆಂದರೆ ಈಚಿನ ರೀಮಾಸ್ಟರ್‌ಗಳು, ಅಂದರೆ ಸದ್ದು ತಿದ್ದಿ ಮರುಬಿಡುಗಡೆ ಮಾಡಿದ ಆವೃತ್ತಿಗಳು, ಹಳೆಯ ಆವೃತ್ತಿಗಿಂತ ಜೋರಾಗಿರುತ್ತವೆ, ಜೋರಾಗಿದ್ದದ್ದು ಉತ್ತಮ ಎಂದು ಕಿವಿ ಸುಲಭವಾಗಿ ಮೋಸ ಹೋಗುತ್ತದೆ. ಬೀಟಲ್ಸ್ ಹಾಡಿನ ಹಳೆಯ ಸ್ಟೀರಿಯೊ ಆವೃತ್ತಿಯಲ್ಲಿ ವಾದ್ಯಗಳು ಎಡಕ್ಕೆ, ಗಾಯನ ಬಲಕ್ಕೆ ಇವೆ. ಬಲಗಿವಿಯದನ್ನಷ್ಟೇ ಕೇಳಿದರೆ ಲೆನನ್ ಗಂಟಲು ಬಹುಮಟ್ಟಿಗೆ ಬಿಡಿಯಾಗಿ ಸಿಗುತ್ತದೆ. ವೈಬ್ರಾಟೊ ಎಣಿಸಲು ಅರ್ಧ ವೇಗದಲ್ಲಿ ಹಾಕಿ: ಸೆಕೆಂಡಿಗೆ ಏಳು ಇದ್ದದ್ದು ಮೂರೂವರೆ ಆಗುತ್ತದೆ, ಬೆರಳಲ್ಲಿ ಎಣಿಸಬಹುದು. ಮೊದಲ ಸಲ ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆ ಎಂಬುದನ್ನು ಮಾತ್ರ ಗುರುತಿಸಿ, ಎರಡನೇ ಸಲ ಪದದ ಯಾವ ಅಕ್ಷರದ ಮೇಲೆ ಒತ್ತಡ ಬೀಳುತ್ತದೆ ಎಂಬುದನ್ನು, ಮೂರನೇ ಸಲ ತಾಳಕ್ಕಿಂತ ಮುಂದಿದ್ದಾರೋ ಹಿಂದಿದ್ದಾರೋ ಎಂಬುದನ್ನು. ಮೂರನ್ನೂ ಒಟ್ಟಿಗೆ ಕೇಳಲು ಹೋದರೆ ಮತ್ತೆ 'ಅದ್ಭುತ'ವೇ ಕೈಗೆ ಬರುತ್ತದೆ.

ಸ್ಟುಡಿಯೋ ಮಾಡಿದ್ದನ್ನು ಗಾಯಕರ ಲೆಕ್ಕಕ್ಕೆ ಬರೆಯಬೇಡಿ. ಡೇವಿಡ್ ಬೋವಿಯ 'ಹೀರೋಸ್' (1977) ಹಾಡಿಗೆ ನಿರ್ಮಾಪಕ ಟೋನಿ ವಿಸ್ಕಾಂಟಿ ಮೂರು ಮೈಕ್ ಇಟ್ಟಿದ್ದರು: ಒಂದು ಬಾಯಿಯ ಹತ್ತಿರ, ಇನ್ನೊಂದು ಸುಮಾರು 20 ಅಡಿ ದೂರ, ಮೂರನೆಯದು ಸುಮಾರು 50 ಅಡಿ. ದೂರದವು ದನಿ ಒಂದು ಮಟ್ಟ ದಾಟಿದಾಗ ಮಾತ್ರ ತೆರೆಯುತ್ತಿದ್ದವು. ಹಾಡಿನ ಕೊನೆಯಲ್ಲಿ ಬೋವಿ ಕೂಗಿದಂತೆಲ್ಲ ಇಡೀ ಹಜಾರ ಅವರೊಡನೆ ಕೂಗುವುದು ಇದರಿಂದ. ಕೂಗು ಅವರದು, ಹಜಾರ ವಿಸ್ಕಾಂಟಿಯವರದು.

ಕೊನೆಗೆ, ಲಿಟಲ್ ರಿಚರ್ಡ್ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. 1955ರ 'ಟುಟಿ ಫ್ರುಟಿ' ಇಲ್ಲದೆ ರಾಕ್ ಗಾಯನದಲ್ಲಿ ಚೀರಿಗೆ ಜಾಗ ಹೇಗೆ ಬಂತು ಎಂದು ವಿವರಿಸಲಾಗದು. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿಯ ಎತ್ತರದ 'ಊ' ರಿಚರ್ಡ್ ಅವರಿಂದಲೇ ಬಂದದ್ದು. ಒಂದು ಪ್ಯಾರಾ ಅವರಿಗೆ ಕೊಡಲೇಬೇಕು. ಹೆಂಗಸರಲ್ಲಿ ಜಾಪ್ಲಿನ್ ಒಬ್ಬರನ್ನೇ ಹೆಸರಿಸಿದ್ದೀರಿ, ಕ್ಲೇಟನ್ ಬಂದರೆ ಆ ಕೊರತೆ ಅಷ್ಟಿಷ್ಟು ತುಂಬುತ್ತದೆ. ಟೀನಾ ಟರ್ನರ್, ಆನ್ ವಿಲ್ಸನ್‌ರಂಥ ಗಾಯಕಿಯರನ್ನು ಹೆಸರಿಗೆಂದು ತುರುಕಬೇಡಿ, ಬೇರೆ ಲೇಖನಕ್ಕೆ ಇಟ್ಟುಕೊಳ್ಳಿ.

ತಿದ್ದಿದ ಪ್ರತಿ 1,200 ಪದ ಮೀರದಿರಲಿ. ತಲೆಬರಹದಿಂದ 'ಚರ್ಚೆ ಮುಗಿಯಿತು' ತೆಗೆಯಿರಿ. ಪ್ರತಿ ಪ್ಯಾರಾದ ಪಕ್ಕದಲ್ಲಿ ಯಾವ ಧ್ವನಿಮುದ್ರಣ, ಯಾವ ವರ್ಷದ ಆವೃತ್ತಿ, ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡ್ ಎಂದು ಗುರುತು ಹಾಕಿ ಕಳುಹಿಸಿ. ಪುಟದಲ್ಲಿ ಆ ಗುರುತುಗಳು ಅಚ್ಚಾಗುವುದಿಲ್ಲ, ನಾವು ಹಾಡು ಹಾಕಿಕೊಂಡು ಸಾಲು ಸಾಲಾಗಿ ಓದಿ ನೋಡಲು ಬೇಕು.

ಸಂಪಾದಕರು